ಕೊನೆಯ ಜಗ್ಗು

ಪೆಟ್ಟಿಗೆ ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ.

ಅತ್ತಿಗೆ ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದರು, ಕಾದರು, ಮತ್ತೆ ಒತ್ತಿದರು. ಕಪ್ಪು ಪರದೆಯ ಮೂಲೆಯಲ್ಲಿ ಒಂದು ಸಣ್ಣ ಗೆರೆ ಮಿಣುಕುತ್ತಿತ್ತೇ ಹೊರತು ಉತ್ತರ ಎನ್ನುವುದು ಬರಲಿಲ್ಲ.

"ಸತ್ತುಹೋಗಿದ್ಯಾ?" ಎಂದೆ.

"ನಿನ್ನ ನಾಲಿಗೆಗೆ ಬೆಂಕಿ ಹಾಕ. ದೀಪ ಉರೀತಿದೆ, ಕಣ್ಣಿಲ್ವಾ? ಬದುಕಿದೆ. ನಮ್ಮ ಮಾತು ಅದಕ್ಕೆ ಕೇಳಿಸ್ತಿಲ್ಲ, ಇಲ್ಲಾ ಅದರ ಮಾತು ನಮಗೆ ಕೇಳಿಸ್ತಿಲ್ಲ. ಯಾವುದು ಅಂತ ನೋಡೋಣ. ಸುಮ್ನೆ ಕೂತ್ಕೋ."

ಸುಮ್ಮನೆ ಕೂರುವ ಪತ್ತೇದಾರನನ್ನು ಯಾರಾದರೂ ನೋಡಿದ್ದೀರಾ? ಆದರೂ ಕೂತೆ. ಅತ್ತಿಗೆ ಕೆಲಸಕ್ಕೆ ಕೂತರೆ ನಮ್ಮ ಅಣ್ಣನೂ ಉಸಿರು ಬಿಗಿಹಿಡಿದು ಓಡಾಡುತ್ತಾನೆ, ನಾನು ಯಾವ ಲೆಕ್ಕ.

ಹೊಸದಾಗಿ ಓದುತ್ತಿರುವವರಿಗೆ ಒಂದೇ ಮಾತು: ಹಗ್ಗದ ಕಸರತ್ತು ಕಲಿಸುವ ಈ ಶಾಲೆಯಲ್ಲಿ ಹಾರುಗಾತಿಯೊಬ್ಬಳು ಎತ್ತರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ, ಕೆಳಗೆ ಅವಳ ರಕ್ಷಣೆಯ ಹಗ್ಗ ಹಿಡಿದು ನಿಂತಿದ್ದವನು ಅವಳ ಒಡಹುಟ್ಟಿದ ತಮ್ಮ, ಅವನೇ ಬೇಕೆಂದು ಕೈಬಿಟ್ಟ ಎಂದು ಎಲ್ಲರೂ ನಂಬಿದ್ದಾರೆ.

ನಂಬದೆ ಉಳಿದವರು ಇಬ್ಬರು. ಅಕ್ಕ ತಮ್ಮ ಇಬ್ಬರನ್ನೂ ಹೆತ್ತ ತಾಯಿ, ಮತ್ತು ಆ ತಾಯಿ ಕಣ್ಣೀರು ಹಾಕಿ ಗೊತ್ತು ಮಾಡಿದ ನಾನು. ತಮ್ಮನೋ, ಬಿದ್ದ ದಿನದಿಂದ ತುಟಿ ಎರಡು ಮಾಡಿಲ್ಲ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅಕ್ಕನಿಗೆ ಇನ್‌ಸ್ಪೆಕ್ಟರ್ ಆಸ್ಪತ್ರೆಯಲ್ಲಿ ವಿಡಿಯೋ ತೋರಿಸಿದಾಗ ಅವಳು ಬಿಳಿಚಿಕೊಂಡು, "ಇದನ್ನ ಯಾರು ತೆಗೆದ್ರು?" ಎಂದಳಂತೆ. ಆಮೇಲೆ ಗೋಡೆಯ ಕಡೆ ತಿರುಗಿ, "ವಿಡಿಯೋ ಏನು ತೋರಿಸುತ್ತೋ ಅದೇ ಸರಿ," ಎಂದಳಂತೆ. ಇವತ್ತು ಸಂಜೆ ಆ ಮಾತಿಗೆ ಅವಳ ಸಹಿ ಬೀಳುತ್ತದೆ, ತಮ್ಮನ ಕೈಗೆ ಬೇಡಿ ಬೀಳುತ್ತದೆ. ಸಂಜೆಯವರೆಗೆ ಮಾತ್ರ ನನಗೆ ಸಮಯ ಕೊಟ್ಟಿದ್ದರು.

ಆ ವಿಡಿಯೋವನ್ನು ನಾನು ಕಣ್ಣು ನೋಯುವಷ್ಟು ಸಲ ನೋಡಿದ್ದೆ. ಪರದೆಯ ಎಡಕ್ಕೆ ಕ್ಯಾಮೆರಾದ ಚಿತ್ರ: ಗೋಡೆಯ ಪಕ್ಕ ನಿಂತ ತಮ್ಮ, ಹಗ್ಗದ ಮೇಲೆ ಅವನ ಎರಡು ಕೈ. ಹಾರುವವಳು ಚಿತ್ರದಲ್ಲಿ ಇಲ್ಲ, ಅವಳು ಮೇಲೆಲ್ಲೋ. ಬಲಕ್ಕೆ ಚಾವಣಿಯ ರಾಟೆಗೆ ಕೂರಿಸಿದ ಭಾರದ ಮೀಟರಿನ ಗೆರೆ. ಹಗ್ಗ ಬಿಗಿಯಾಗಿದ್ದಷ್ಟೂ ಹೊತ್ತು ಗೆರೆ ಮೇಲಿರುತ್ತದೆ, ಸಡಿಲವಾದರೆ ನೆಲಕ್ಕೆ ಇಳಿಯುತ್ತದೆ. ಮೊದಲು ಎಡಗಡೆ ಬೆರಳುಗಳು ತೆರೆದುಕೊಳ್ಳುತ್ತವೆ. ರೆಪ್ಪೆ ಬಡಿಯುವಷ್ಟರಲ್ಲಿ ಬಲಗಡೆ ಗೆರೆ ಕುಸಿಯುತ್ತದೆ. ಕೈಬಿಟ್ಟ, ಬಿದ್ದಳು. ಇಷ್ಟೇ. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಯಾರಿಗೆ ಬೇಕು?

"ನನಗೆ ಬೇಕು," ಎಂದಿದ್ದರು ಅತ್ತಿಗೆ, ನಿನ್ನೆ ಊಟದ ಮೇಜಿನ ಹತ್ತಿರ. "ಕ್ಯಾಮೆರಾ ಒಂದು ಯಂತ್ರ, ಮೀಟರ್ ಇನ್ನೊಂದು ಯಂತ್ರ. ಎರಡೂ ಒಂದೇ ಗಳಿಗೆಯನ್ನೇ ನೋಡಿದ್ವು ಅಂತ ನಿಂಗೆ ಯಾರು ಹೇಳಿದ್ರು?"

ಅದನ್ನು ಹೇಳುತ್ತಿದ್ದುದು ಈ ಪೆಟ್ಟಿಗೆ. ಶಾಲೆಯವರು ಇದಕ್ಕೆ ತಾಳದ ಪೆಟ್ಟಿಗೆ ಎಂದು ಹೆಸರಿಟ್ಟಿದ್ದಾರೆ. ಊಟದ ಡಬ್ಬಿಯಷ್ಟೇ ಗಾತ್ರ, ಕಪ್ಪು ಬಣ್ಣ, ಮುಂದೆ ಎರಡು ಗುಂಡಿ, ಒಂದು ದೀಪ. ಹಿಂದಿನಿಂದ ಹೊರಟ ಒಂದು ತಂತಿ ಕ್ಯಾಮೆರಾಕ್ಕೆ, ಇನ್ನೊಂದು ಮೀಟರಿಗೆ. ಪೆಟ್ಟಿಗೆ ಒಂದು ಬಡಿತ ಕೊಟ್ಟರೆ ಕ್ಯಾಮೆರಾ ಒಂದು ಚಿತ್ರ ತೆಗೆಯುತ್ತದೆ, ಮೀಟರ್ ಒಂದು ಅಳತೆ ತೆಗೆಯುತ್ತದೆ. ರೆಕಾರ್ಡಿಂಗ್ ಶುರುವಾದಾಗ ಎರಡೂ ಒಂದರಿಂದ ಎಣಿಸಲು ತೊಡಗುತ್ತವೆ. ಎರಡರ ಎಣಿಕೆಯೂ ಒಂದೇ ಆದರೆ ಗಳಿಗೆಯೂ ಒಂದೇ ಎಂದು ಅರ್ಥ.

"ಅದಕ್ಕೆ ಏನೂ ಆಗಿಲ್ಲ," ಎಂದರು ಬಾಗಿಲಿಗೆ ಒರಗಿ ನಿಂತಿದ್ದ ಮೇಷ್ಟ್ರು. "ಕೂರಿಸಿದ್ದೇ ನಾನು. ಪುಸ್ತಕ ಓದಿ, ಗುಂಡಿ ಒತ್ತಿ, ನಾನೇ ಕೂರಿಸಿದ್ದು. ಇಷ್ಟೆಲ್ಲ ರಾಮಾಯಣ ಆಗಿರ್ಲಿಲ್ಲ."

ಶಾಲೆ ಕಟ್ಟಿದವರೇ ಈ ಮೇಷ್ಟ್ರು. ಒಂದು ಕಾಲಕ್ಕೆ ತಾವೇ ಹಾರುತ್ತಿದ್ದವರು. ಒಂದು ಭುಜ ಈಗ ಮೇಲೇಳುವುದಿಲ್ಲ, ಸಿಟ್ಟು ಮಾತ್ರ ಚೆನ್ನಾಗಿ ಮೇಲೇಳುತ್ತದೆ. ಹಾರುಗಾತಿ ಬಿದ್ದ ದಿನ ಎಲ್ಲರೆದುರಿಗೆ ಅವಳ ತಮ್ಮನ ಕೆನ್ನೆಗೆ ಬಾರಿಸಿದ್ದು ಇವರೇ.

ಅತ್ತಿಗೆ ತಲೆಗೆ ಕೈ ಹಾಕಿದರು. ಸೋತು ಯೋಚನೆಗೆ ಬಿದ್ದರೇನೋ ಅಂದುಕೊಂಡೆ. ಇಲ್ಲ, ಹೇರ್‌ಪಿನ್ ಕಿತ್ತರು.

ಪೆಟ್ಟಿಗೆಯಿಂದ ಕೇಬಲ್ಲಿನ ತುದಿ ಬಿಡಿಸಿ ಕೈಯಲ್ಲಿ ಹಿಡಿದರು. ಅದರೊಳಗೆ ಎರಡು ಸಾಲಿನಲ್ಲಿ ಒಂಬತ್ತು ಸಣ್ಣ ಮುಳ್ಳುಗಳು.

"ಇದು ಕೇಳೋ ಮುಳ್ಳು, ಪಕ್ಕದ್ದು ಹೇಳೋ ಮುಳ್ಳು. ಎರಡನ್ನೂ ಪಿನ್ನಿಂದ ಮುಟ್ಟಿಸಿದ್ರೆ ನಾನು ಹೇಳಿದ್ದು ನಂಗೇ ವಾಪಸ್ ಕೇಳಿಸ್ಬೇಕು. ಕೇಳಿಸ್ಲಿಲ್ಲ ಅಂದ್ರೆ ಕೇಬಲ್ ಕೆಟ್ಟಿದೆ."

ಪಿನ್ನಿನ ಎರಡು ಕಾಲುಗಳನ್ನು ಎರಡು ಮುಳ್ಳಿಗೆ ತಾಗಿಸಿ, ಇನ್ನೊಂದು ಕೈಯಿಂದ ಟೈಪ್ ಮಾಡಿದರು. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿದವು: ಮೈದುನ ದಡ್ಡ.

ಪಿನ್ ತೆಗೆದು ಮತ್ತೆ ಒತ್ತಿದರು. ಏನೂ ಬರಲಿಲ್ಲ. ಪಿನ್ ಇಟ್ಟರು. ಮೈದುನ ಮತ್ತೆ ದಡ್ಡನಾದ.

"ಕೇಬಲ್ ಸರಿಯಾಗಿದೆ," ಎಂದರು ಅತ್ತಿಗೆ, ಬಹಳ ಗಂಭೀರವಾಗಿ.

"ಹಾಗಾದ್ರೆ?"

"ಹಾಗಾದ್ರೆ ನಮ್ಮ ಹೇಳೋ ತಂತಿ ಅದರ ಹೇಳೋ ತಂತಿಗೇ ಸೇರ್ಕೊಂಡಿದೆ. ನಿಮ್ಮಣ್ಣನೂ ನಾನೂ ಜಗಳ ಆಡುವಾಗ ಹೀಗೇ ಆಗೋದು. ಇಬ್ರೂ ಹೇಳ್ತೀವಿ, ಒಬ್ರೂ ಕೇಳಲ್ಲ."

ಬಿಸ್ಕತ್ತಿನ ಡಬ್ಬಿ ತೆರೆದು ಹೆಬ್ಬೆರಳಿನಷ್ಟು ಗಾತ್ರದ ಒಂದು ಜೋಡಣೆ ತೆಗೆದರು. ತಂತಿಗಳನ್ನು ಒಳಗೇ ಅದಲುಬದಲು ಮಾಡುವ ತುಂಡದು. ಈ ಡಬ್ಬಿಯಲ್ಲಿ ಬಿಸ್ಕತ್ತು ಇದ್ದ ಕಾಲ ನನಗೆ ನೆನಪಿಲ್ಲ. ಬೆಳಿಗ್ಗೆ ಕೂಡ ಅಣ್ಣ ಆಸೆಯಿಂದ ಕೈಹಾಕಿ, ಬೆರಳು ಚುಚ್ಚಿಸಿಕೊಂಡು, ಮೇಲೆ ಬೈಸಿಕೊಂಡೂ ಇದ್ದ.

ತುಂಡು ಸೇರಿಸಿ ಒತ್ತಿದರು. ಈ ಸಲ ಪರದೆಯ ತುಂಬ ಚೌಕ, ಅಡ್ಡಗೆರೆ, ಪ್ರಶ್ನೆಚಿಹ್ನೆ, ಯಾವ ಲಿಪಿಗೂ ಸೇರದ ಕೊಕ್ಕೆಗಳು ಸುರಿದವು.

"ಕೆಟ್ಟೇಹೋಯ್ತಲ್ಲ!" ಎಂದರು ಮೇಷ್ಟ್ರು.

ಅತ್ತಿಗೆ ಚಪ್ಪಾಳೆ ತಟ್ಟಿದರು. "ಕಸ ಬಂತು ಅಂದ್ರೆ ಮಾತಾಡ್ತಿದೆ ಅಂತ ಅರ್ಥ! ವೇಗ ಮಾತ್ರ ಹೊಂದ್ತಿಲ್ಲ. ಅದು ನಿಧಾನಕ್ಕೆ ಹೇಳ್ತಿದೆ, ನಾನು ಗಡಿಬಿಡೀಲಿ ಕೇಳಿಸ್ಕೋತಿದ್ದೀನಿ." ಪಟ್ಟಿಯಿಂದ ಬೇರೊಂದು ವೇಗ ಆರಿಸಿದರು. ಮತ್ತೆ ಕಸ. ಇನ್ನೊಂದು. ಕಸ. ಅದಕ್ಕೂ ಕೆಳಗಿನದು.

ಪರದೆಯ ಮೇಲೆ ಚೊಕ್ಕವಾದ ಒಂದು ಸಾಲು ಬಂತು. ಪೆಟ್ಟಿಗೆ ತನ್ನ ಹೆಸರು ಹೇಳಿ, ಅಪ್ಪಣೆ ಏನೆಂದು ಕೇಳುತ್ತಿತ್ತು.

ನನಗೆ ಮೈ ಜುಮ್ಮೆಂದಿತು. ವರ್ಷಗಟ್ಟಲೆ ಕಳ್ಳರ ಬಾಯಿ ಬಿಡಿಸಿದ್ದೇನೆ, ಗದರಿಸಿದ್ದೇನೆ, ಪುಸಲಾಯಿಸಿದ್ದೇನೆ, ಕಾಫಿ ಕುಡಿಸಿದ್ದೇನೆ. ಆದರೆ ಹೀಗೆ ಒಂದೊಂದೇ ಅನುಮಾನ ತೆಗೆದುಹಾಕುತ್ತ, ಒಂದು ಸಲವೂ ಸಿಡುಕದೆ, ಮೂಕ ಪೆಟ್ಟಿಗೆಯೊಂದನ್ನು ಮಾತಿಗೆ ತಂದವರನ್ನು ನೋಡಿದ್ದು ಇದೇ ಮೊದಲು. ಅತ್ತಿಗೆಯ ಬಗ್ಗೆ ಎಷ್ಟು ಹೆಮ್ಮೆಯಾಯಿತೆಂದರೆ ದಡ್ಡ ಅನ್ನಿಸಿಕೊಂಡದ್ದೂ ಮರೆತುಹೋಯಿತು.

"ನೀವು ಗುಂಡಿ ಒತ್ತಿ ಕೂರಿಸಿದ್ದೀರಿ ಮೇಷ್ಟ್ರೇ," ಎಂದರು ಅತ್ತಿಗೆ. "ಗುಂಡಿ ಒತ್ತಿದ್ರೆ ಇದು ಹೇಳಿದ್ದು ಕೇಳುತ್ತೆ. ಏನು ಕೇಳಿಸ್ಕೊಂಡೆ ಅಂತ ತಿರುಗಿ ಹೇಳೋದು ಈ ತಂತೀಲಿ ಮಾತ್ರ. ಈಗ ಕೇಳೋಣ."

ಕೇಳಿದರು. ಎರಡು ಸಾಲು ಬಂತು. ಮೀಟರಿನ ತಂತಿಗೆ ಸೆಕೆಂಡಿಗೆ ಅರವತ್ತು ಬಡಿತ. ಕ್ಯಾಮೆರಾದ ತಂತಿಗೆ ಅರವತ್ತಕ್ಕೆ ಕೂದಲೆಳೆಯಷ್ಟು ಕಡಿಮೆ.

"ಸಾವಿರ ಬಡಿತಕ್ಕೆ ಒಂದು ಬಡಿತ ಕಮ್ಮಿ," ಎಂದರು ಅತ್ತಿಗೆ. "ಟೀವಿಯವರ ಹಳೇ ಲೆಕ್ಕ ಅದು. ಕಾರ್ಖಾನೆಯಿಂದ ಬರೋವಾಗ ಹಾಗೇ ಇರುತ್ತೆ."

ಮೇಷ್ಟ್ರು ದಡದಡ ಒಳಗೆ ಬಂದರು. "ಸಾಧ್ಯವೇ ಇಲ್ಲ. ಎರಡಕ್ಕೂ ಅರವತ್ತೇ ಇಟ್ಟಿದ್ದೆ. ನನ್ನ ಕೈಯಾರೆ ಇಟ್ಟಿದ್ದೆ."

"ಇಟ್ಟಿದ್ರಿ. ಉಳಿಸಿದ್ರಾ?"

"ಅಂದ್ರೆ?"

ಅತ್ತಿಗೆ ಉತ್ತರ ಹೇಳಲಿಲ್ಲ, ಮಾಡಿ ತೋರಿಸಿದರು. ಎರಡು ತಂತಿಗೂ ಅರವತ್ತು ಎಂದು ಆಜ್ಞೆ ಕೊಟ್ಟರು. ಪೆಟ್ಟಿಗೆ ಸರಿ ಎಂದಿತು. ತಿರುಗಿ ಕೇಳಿದರು, ಅರವತ್ತು, ಅರವತ್ತು ಎಂದಿತು. ಆಮೇಲೆ ಪೆಟ್ಟಿಗೆಯ ಪ್ಲಗ್ ಕೀಳಲು ಹೊರಟರು.

ಅದೊಂದು ದೊಡ್ಡ ಪ್ರಯಾಣವೇ ಆಯಿತು. ಯಂತ್ರಗಳ ಕಪಾಟು ಗೋಡೆಗೆ ಅಂಟಿಕೊಂಡಂತಿತ್ತು, ಪ್ಲಗ್ಗುಗಳೆಲ್ಲ ಅದರ ಹಿಂದೆ, ಕೆಳಗೆ, ಕತ್ತಲಲ್ಲಿ. ಅತ್ತಿಗೆ ಮಂಡಿಯೂರಿ, ಟಾರ್ಚ್ ಹಿಡಿದು, ಬೈದುಕೊಂಡು ಹುಡುಕಿದರು. ಎಲ್ಲವೂ ಕಪ್ಪು, ಎಲ್ಲವೂ ಒಂದೇ ಥರ. ಮೊದಲು ಫ್ಯಾನ್ ನಿಂತಿತು, ಆಮೇಲೆ ನನ್ನ ಮೊಬೈಲ್ ಚಾರ್ಜ್ ಆಗುವುದು ನಿಂತಿತು, ಕೊನೆಗೂ ಪೆಟ್ಟಿಗೆಯ ದೀಪ ಆರಿತು. ಮತ್ತೆ ಎಲ್ಲ ಪ್ಲಗ್ಗುಗಳನ್ನೂ ಇದ್ದ ಜಾಗಕ್ಕೇ ಹಾಕಿ, ಧೂಳು ಕೊಡವಿಕೊಂಡು ಬಂದು ಕೇಳಿದರು.

ಮೀಟರಿಗೆ ಅರವತ್ತು. ಕ್ಯಾಮೆರಾಕ್ಕೆ ಕೂದಲೆಳೆಯಷ್ಟು ಕಡಿಮೆ.

"ನೋಡಿದ್ರಾ? ಇಟ್ಟಿದ್ದನ್ನ ಉಳಿಸು ಅಂತ ಬೇರೆ ಆಜ್ಞೆ ಕೊಡಬೇಕು. ಕೊಡದಿದ್ರೆ ಕರೆಂಟ್ ಇರೋವರೆಗೂ ನೆನಪಿಟ್ಕೊಳ್ಳುತ್ತೆ, ಹೋದ ತಕ್ಷಣ ಮರೆತು ಕಾರ್ಖಾನೆ ಲೆಕ್ಕಕ್ಕೆ ವಾಪಸ್ ಹೋಗುತ್ತೆ."

ಮೇಷ್ಟ್ರು ಒಂದು ಕ್ಷಣ ತಬ್ಬಿಬ್ಬಾದರು. ಆದರೆ ಅವರು ಅಷ್ಟು ಸುಲಭಕ್ಕೆ ಕೆಳಗಿಳಿಯುವ ಆಸಾಮಿಯಲ್ಲ.

"ಸರಿಯಮ್ಮಾ. ಇದನ್ನ ಪೊಲೀಸರು ಕಿತ್ಕೊಂಡು ಹೋಗಿದ್ರು. ನಿನ್ನೆ ವಾಪಸ್ ಬಂದ ಮೇಲೆ ಒಂದೊಂದು ಪ್ಲಗ್ಗನ್ನೂ ಇದ್ದ ಜಾಗಕ್ಕೇ ನಾನೇ ಹಾಕಿದೆ. ಮರೆತಿದ್ರೆ ಆಗ ಮರೆತಿರುತ್ತೆ. ಅವತ್ತು ಮರೆತಿತ್ತು ಅನ್ನೋಕೆ ಏನು ಆಧಾರ? ಕಟ್ಟಡಕ್ಕೆ ಬ್ಯಾಟರಿ ಇದೆ, ಕರೆಂಟ್ ಹೋದ್ರೂ ಪ್ಲಗ್ ಹಾಕಿದ್ರೆ ಇದು ಆರಲ್ಲ. ಯಾರಾದ್ರೂ ಕಿತ್ರೆ ತಾನೆ? ಈ ಕೋಣೆಗೆ ಹಗ್ಗದವರು, ಹಾರೋರು ಯಾರೂ ಕಾಲಿಡೋ ಹಾಗಿಲ್ಲ. ಇವತ್ತಿನವರೆಗೆ ಒಬ್ರೂ ಇಟ್ಟಿಲ್ಲ. ಬೀಗ ಬೇಡ, ನನ್ನ ಮಾತೇ ಬೀಗ."

ಮಾತು ನ್ಯಾಯವಾಗಿಯೇ ಇತ್ತು. ನನ್ನ ಉತ್ಸಾಹಕ್ಕೆ ತಣ್ಣೀರೆರಚಿದಂತಾಯಿತು.

"ಇನ್ನೊಂದು," ಮೇಷ್ಟ್ರ ದನಿ ಏರಿತು. "ನಾವೇನು ಕಣ್ಣು ಮುಚ್ಕೊಂಡು ಕೂತಿದ್ವಾ? ಪ್ರತಿ ಅಭ್ಯಾಸದ ಶುರುವಿನಲ್ಲೂ ಹಗ್ಗದವನು ಒಂದು ಜಗ್ಗು ಜಗ್ತಾನೆ. ಕ್ಯಾಮೆರಾದಲ್ಲಿ ಕೈ ಜಗ್ಗಿದ್ದು, ಮೀಟರಲ್ಲಿ ಗೆರೆ ಎದ್ದದ್ದು ಒಂದೇ ಎಣಿಕೇಲಿ ಬರ್ಬೇಕು. ಬಂದ್ರೆ ಮಾತ್ರ ಯಾರಾದ್ರೂ ಮೇಲೆ ಹತ್ತೋದು. ಅವತ್ತೂ ಬಂದಿತ್ತು, ಪೊಲೀಸರಿಗೂ ತೋರಿಸಿದ್ದೀನಿ. ಅದಕ್ಕೇನಂತೀರಿ?"

ಅತ್ತಿಗೆ ಅವರನ್ನೇ ನೋಡಿದರು. ಕಣ್ಣಲ್ಲಿ ಒಂದು ಬೆಳಕು ಬಂತು. ಆ ಬೆಳಕು ಬಂದರೆ ಎದುರಿಗಿರುವವರ ಗತಿ ಮುಗಿಯಿತು ಎಂದು ಅಣ್ಣ ಹೇಳುವುದುಂಟು.

"ಹಗ್ಗ ಜಗ್ಗೋಕೆ ಅವನನ್ನ ಕರೀರಿ," ಎಂದರು.

ತಮ್ಮ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ಕರೆದೆ, ಎದ್ದು ಬಾಗಿಲವರೆಗೆ ಬಂದ. ಒಣಗಿದ ತುಟಿ, ಒಳಗೆ ಸೇರಿದ ಕಣ್ಣು, ಯಾರ ಮುಖವನ್ನೂ ನೋಡದ ನೋಟ. ಅಕ್ಕನಷ್ಟೇ ಭಾರದ ಮರಳಿನ ಚೀಲವನ್ನು ಹಗ್ಗದ ತುದಿಯ ಕೊಂಡಿಗೆ ಸಿಕ್ಕಿಸಬೇಕು, ಹಗ್ಗ ಹಿಡಿಯಬೇಕು ಎಂದಾಗ ಅವನು ಒಂದು ಹೆಜ್ಜೆ ಹಿಂದೆ ಸರಿದ. ಆದರೂ ಇಲ್ಲ ಎನ್ನಲಿಲ್ಲ.

ಕೋಣೆಯ ಗಾಜಿನಿಂದ ಅಭ್ಯಾಸದ ಸಭಾಂಗಣ ಪೂರ್ತಿ ಕಾಣುತ್ತದೆ. ಎತ್ತರದ ಕಿಟಕಿಗಳಿಂದ ಮಧ್ಯಾಹ್ನದ ಬಿಸಿಲು ಚಾಪೆಗಳ ಮೇಲೆ ಬಿದ್ದಿತ್ತು. ತಮ್ಮ ಗೋಡೆಯ ಪಕ್ಕದ ತನ್ನ ಜಾಗಕ್ಕೆ ಹೋಗಿ ನಿಂತ. ಅಂಗೈಗೆ ಪುಡಿ ಹಚ್ಚಿಕೊಂಡ. ಹಗ್ಗವನ್ನು ಒಮ್ಮೆ ಸವರಿ, ಸೊಂಟದ ಸುತ್ತ ತಂದು, ಎರಡು ಕೈಯಲ್ಲಿ ಹಿಡಿದ.

ಅಷ್ಟೇ ಹೊತ್ತಿಗೆ ಆ ಮನುಷ್ಯ ಬೇರೆಯೇ ಆಗಿಬಿಟ್ಟ. ಬೆನ್ನು ನೆಟ್ಟಗಾಯಿತು, ಕಾಲು ನೆಲಕ್ಕೆ ಕಚ್ಚಿಕೊಂಡಿತು, ಕಣ್ಣು ಮೇಲೆ ಚೀಲಕ್ಕೆ ಅಂಟಿತು. ಚೀಲ ತೂಗಾಡಿದ ಹಾಗೆಲ್ಲ ಅವನ ಕೈ ಒಂದಿಷ್ಟು ಬಿಡುತ್ತಿತ್ತು, ಒಂದಿಷ್ಟು ಎಳೆದುಕೊಳ್ಳುತ್ತಿತ್ತು. ಚೀಲ ಕದಲುವ ಮೊದಲೇ ಕೈಗೆ ಅದು ಗೊತ್ತಾಗುತ್ತಿತ್ತು. ತಾಯಿ ಮಲಗಿದ ಮಗುವಿನ ಹೊದಿಕೆ ಸರಿ ಮಾಡುವಾಗ ಕೈ ಹೀಗೆ ಓಡಾಡುವುದನ್ನು ಕಂಡಿದ್ದೇನೆ. ಒಂದು ಮರಳಿನ ಚೀಲವನ್ನು ಇಷ್ಟು ಜೋಪಾನವಾಗಿ ಹಿಡಿಯುವವನು ಒಡಹುಟ್ಟಿದವಳನ್ನು ಕೈಬಿಟ್ಟನೇ?

"ಇವನಂಥ ಕೈ ಇನ್ನೊಂದಿಲ್ಲ," ಎಂದರು ಮೇಷ್ಟ್ರು ಮೆಲ್ಲಗೆ, ತಮಗೇ ಗೊತ್ತಿಲ್ಲದ ಹಾಗೆ. "ಅದಕ್ಕೇ ಅಷ್ಟು ಸಿಟ್ಟು ಬಂದಿದ್ದು ನಂಗೆ."

ಅತ್ತಿಗೆ ಪೆಟ್ಟಿಗೆಯನ್ನು ಮರೆತ ಸ್ಥಿತಿಯಲ್ಲೇ ಬಿಟ್ಟು ರೆಕಾರ್ಡಿಂಗ್ ಶುರು ಮಾಡಿದರು. "ಜಗ್ಗಪ್ಪಾ!"

ತಮ್ಮ ಜಗ್ಗಿದ. ಪರದೆಯಲ್ಲಿ ಕೈ ಜಗ್ಗಿದ್ದು, ಗೆರೆ ಎದ್ದದ್ದು ಒಂದೇ ಎಣಿಕೆಯಲ್ಲಿ ಬಂತು. ಒಂದು ಬಡಿತವೂ ಆಚೀಚೆ ಇಲ್ಲ.

"ನೋಡಿ!" ಮೇಷ್ಟ್ರು ತೊಡೆ ತಟ್ಟಿದರು. "ಮರೆತ್ರೂ ಸರಿಯಾಗೇ ಇದೆಯಲ್ಲ! ನಿಮ್ಮ ಲೆಕ್ಕ ಎಲ್ಲಿ ಹೋಯ್ತು?"

"ಕೂತ್ಕೊಳಿ," ಎಂದರು ಅತ್ತಿಗೆ. "ಅವತ್ತಿನ ಅಭ್ಯಾಸ ಎಷ್ಟು ಹೊತ್ತು ನಡೆದಿತ್ತೋ ಅಷ್ಟು ಹೊತ್ತು ಕಾಯೋಣ."

ಕಾದೆವು. ಹತ್ತು ನಿಮಿಷ ಇಷ್ಟು ಉದ್ದ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮೇಷ್ಟ್ರು ಕೂತರು, ಎದ್ದರು, ನೀರು ಕುಡಿದರು. ಅತ್ತಿಗೆ ಹೇರ್‌ಪಿನ್ನನ್ನು ಮತ್ತೆ ತಲೆಗೆ ಸಿಕ್ಕಿಸಿಕೊಂಡು, ಗಾಜಿನಲ್ಲಿ ಮುಖ ನೋಡಿಕೊಂಡರು. ನನಗೆ ಮಾತ್ರ ಆಸ್ಪತ್ರೆಯ ಕಡೆ ಹೊರಟಿರಬಹುದಾದ ಇನ್‌ಸ್ಪೆಕ್ಟರ್ ಜೀಪೇ ಕಣ್ಣಮುಂದೆ ಓಡುತ್ತಿತ್ತು.

"ಜಗ್ಗಪ್ಪಾ, ಇನ್ನೊಂದ್ಸಲ!"

ತಮ್ಮ ಜಗ್ಗಿದ. ಅತ್ತಿಗೆ ರೆಕಾರ್ಡಿಂಗ್ ನಿಲ್ಲಿಸಿ, ಕೊನೆಯ ಭಾಗ ಮೆಲ್ಲಗೆ ಓಡಿಸಿದರು.

ಎಡಗಡೆ ಕೈ ಜಗ್ಗಿತು. ಬಲಗಡೆ ಗೆರೆ ಇದ್ದಲ್ಲೇ ಇತ್ತು. ಇನ್ನೂ ಅಲ್ಲೇ ಇತ್ತು. ಆಮೇಲೆ ಎದ್ದಿತು.

"ಅರ್ಧ ಸೆಕೆಂಡಿಗಿಂತ ಚೂರು ಜಾಸ್ತಿ," ಎಂದರು ಅತ್ತಿಗೆ. "ಸಾವಿರಕ್ಕೆ ಒಂದು ಬಡಿತ ಕಮ್ಮಿ ಅಂದ್ರೆ ಶುರುವಿನಲ್ಲಿ ಗೊತ್ತೇ ಆಗಲ್ಲ. ಹೊತ್ತು ಹೋದ ಹಾಗೆ ಚಿತ್ರ ಮುಂದೆ, ಮೀಟರ್ ಹಿಂದೆ. ನೀವು ಯಾವಾಗ್ಲೂ ಶುರುವಿನಲ್ಲಿ ಜಗ್ಗಿ ನೋಡಿದ್ರಿ ಮೇಷ್ಟ್ರೇ. ಕೊನೇಲಿ ಒಂದ್ಸಲನಾದ್ರೂ ನೋಡಿದ್ರಾ?"

ಮೇಷ್ಟ್ರು ಪರದೆಗೆ ಮುಖ ತಂದು ನೋಡಿದರು. ಆಮೇಲೆ ಒಣ ದನಿಯಲ್ಲಿ, "ಇದು ಇವತ್ತಿನದು," ಎಂದರು. "ಅವತ್ತಿನದಕ್ಕೆ ಕೊನೇ ಜಗ್ಗು ಎಲ್ಲಿಂದ ತರ್ತೀರಿ?"

ಇಲ್ಲಿ, ಓದುಗರೇ, ನನ್ನ ಮಾನವೂ ಸ್ವಲ್ಪ ಉಳಿಯಿತು. ಆ ದಿನದ ರೆಕಾರ್ಡಿಂಗನ್ನು ನಾನೂ ಇನ್‌ಸ್ಪೆಕ್ಟರೂ ಎಲ್ಲರೂ ಬೀಳುವ ಕ್ಷಣದವರೆಗೆ ನೋಡಿ, ಅಲ್ಲಿಗೆ ನಿಲ್ಲಿಸುತ್ತಿದ್ದೆವು. ಮುಂದೆ ನೋಡಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ಕ್ಯಾಮೆರಾ ನಿಂತಿರಲಿಲ್ಲ.

"ಅತ್ತಿಗೆ, ಮುಂದಕ್ಕೆ ಓಡಿಸಿ," ಎಂದೆ.

ಓಡಿಸಿದರು. ತಮ್ಮ ಹಗ್ಗ ಬಿಟ್ಟು ಅಕ್ಕನ ಕಡೆ ಓಡಿಹೋದ. ಖಾಲಿ ಗೋಡೆ. ಯಾರೋ ಅಡ್ಡ ಓಡಿದರು. ಮತ್ತೆ ಖಾಲಿ ಗೋಡೆ. ಆಮೇಲೆ ಮೇಷ್ಟ್ರು ಚಿತ್ರದೊಳಗೆ ಬಂದರು. ಮುಖದಲ್ಲಿ ರಕ್ತವೇ ಇರಲಿಲ್ಲ, ಎತ್ತ ನೋಡುತ್ತಿದ್ದೇನೆಂದು ಅವರಿಗೇ ಗೊತ್ತಿರಲಿಲ್ಲ. ಆದರೂ ಕೈಗಳು ಹಗ್ಗ ಹಿಡಿದು, ಸರಸರ ಎಳೆದವು. ಕೊಂಡಿ ಮೇಲೆ ಹೋಗಿ ರಾಟೆಗೆ ಸಿಕ್ಕಿಕೊಂಡು, ಹಗ್ಗ ಧಡಕ್ಕನೆ ಬಿಗಿಯಿತು.

"ಹಗ್ಗ ಎಂದೂ ನೆಲದ ಮೇಲೆ ಬಿದ್ದಿರಬಾರದು," ಮೇಷ್ಟ್ರು ಪಿಸುಗುಟ್ಟಿದರು. "ಅಭ್ಯಾಸ ಮುಗಿದ ಮೇಲೆ ಎಳೆದು ಕಟ್ಟಬೇಕು. ನಾನು ಎಳೆದದ್ದು ನಂಗೆ ನೆನಪೇ ಇಲ್ಲ."

ನೆನಪಿಲ್ಲದೆ ಮಾಡಿದ ಕೆಲಸವೇ ನಮ್ಮನ್ನು ಕಾಪಾಡಿತು. ಅತ್ತಿಗೆ ಮೆಲ್ಲಗೆ ಓಡಿಸಿದರು. ಎಡಗಡೆ ಮೇಷ್ಟ್ರ ಕೈ ಧಡಕ್ಕನೆ ನಿಂತಿತು. ಬಲಗಡೆ ಗೆರೆ ಮಲಗಿತ್ತು, ಮಲಗಿತ್ತು, ಎದ್ದಿತು.

ಅರ್ಧ ಸೆಕೆಂಡಿಗಿಂತ ಚೂರು ಜಾಸ್ತಿ.

ಅತ್ತಿಗೆ ಅದೇ ದಿನ ಬೆಳಗಿನ ಅಭ್ಯಾಸವನ್ನೂ ತೆರೆದು, ಕೊನೆಯಲ್ಲಿ ಹಗ್ಗ ಎಳೆದು ಕಟ್ಟಿದ್ದನ್ನು ನೋಡಿದರು. ಅಲ್ಲಿ ಕೈಯೂ ಗೆರೆಯೂ ಒಂದೇ ಎಣಿಕೆಯಲ್ಲಿದ್ದವು.

"ಬೆಳಿಗ್ಗೆ ಪೆಟ್ಟಿಗೆಗೆ ನೆನಪಿತ್ತು. ಮಧ್ಯಾಹ್ನದ ಅಭ್ಯಾಸಕ್ಕೆ ಮರೆತಿತ್ತು. ಊಟದ ಹೊತ್ತಲ್ಲಿ ಯಾರೋ ಪ್ಲಗ್ ಕಿತ್ತು ಹಾಕಿದ್ದಾರೆ," ಎಂದರು. ಆಮೇಲೆ ಕೊನೆಯ ಕೆಲಸ ಮಾಡಿದರು. ಬಿದ್ದ ಕ್ಷಣಕ್ಕೆ ಎಷ್ಟು ಬಡಿತ ಹಿಂದೆಮುಂದಾಗಿತ್ತೋ ಲೆಕ್ಕ ಹಾಕಿ, ಚಿತ್ರವನ್ನು ಅಷ್ಟು ಹಿಂದಕ್ಕೆ ಸರಿಸಿ, ಓಡಿಸಿದರು.

ಮೊದಲು ಗೆರೆ ಕುಸಿಯಿತು. ಆಮೇಲೆ ಬೆರಳು ತೆರೆಯಿತು.

ನಡುವೆ ಇದ್ದದ್ದು ಬೆಚ್ಚಿಬಿದ್ದ ಕೈ ಎಚ್ಚೆತ್ತುಕೊಳ್ಳಲು ಬೇಕಾದಷ್ಟೇ ಹೊತ್ತು. ಹಗ್ಗ ಇದ್ದಕ್ಕಿದ್ದಂತೆ ಹಗುರವಾಗಿತ್ತು. ಹಿಡಿದಿಟ್ಟುಕೊಳ್ಳಲು ಅದರ ತುದಿಯಲ್ಲಿ ಯಾರೂ ಉಳಿದಿರಲಿಲ್ಲ. ಆಮೇಲಷ್ಟೇ ಅವನು ಕೈಬಿಟ್ಟು ಓಡಿದ್ದ.

"ಬಿಟ್ಟಿಲ್ಲ," ಎಂದರು ಮೇಷ್ಟ್ರು. "ಹುಡುಗ ಬಿಟ್ಟಿಲ್ಲ." ಆ ದೊಡ್ಡ ಮನುಷ್ಯ ಕುರ್ಚಿಯ ಮೇಲೆ ಕುಸಿದು ಮುಖ ಮುಚ್ಚಿಕೊಂಡರು. ನನಗೂ ಕಣ್ಣು ತುಂಬಿತು, ಮುಚ್ಚಿಡುವುದೇನು. ಆ ತಾಯಿಗೆ ಫೋನ್ ಮಾಡಬೇಕೆಂದು ಜೇಬಿಗೆ ಕೈಹಾಕಿದೆ.

ಅಷ್ಟರಲ್ಲಿ ತಮ್ಮ ಬಾಗಿಲಿಗೆ ಬಂದ. ಹಗ್ಗ ಎಳೆದು ಕಟ್ಟಿ ಬಂದಿದ್ದ, ಅಂಗೈಯಲ್ಲಿ ಬಿಳಿ ಪುಡಿ ಇನ್ನೂ ಇತ್ತು. ಹೊಸ್ತಿಲಲ್ಲೇ ನಿಂತ. ಮೇಷ್ಟ್ರು ಎದ್ದು ಹೋಗಿ ಅವನ ಎರಡೂ ಕೈ ಹಿಡಿದುಕೊಂಡು ಒಳಗೆ ಕರೆತಂದರು.

"ನಿನ್ನ ಮೇಲೆ ಕೈ ಮಾಡ್ಬಿಟ್ಟೆ ಕಣೋ. ತಪ್ಪಾಯ್ತು. ನೋಡಿಲ್ಲಿ, ನೀನು ಬಿಡೋಕ್ಕಿಂತ ಮುಂಚೆನೇ ಹಗ್ಗ ಸಡಿಲ ಆಗಿದೆ. ಈ ಅಮ್ಮ ತೋರಿಸಿಕೊಟ್ರು. ನಿನ್ನ ತಪ್ಪು ಎಳ್ಳಷ್ಟೂ ಇಲ್ಲ."

ನಾನು ತಮ್ಮನ ಮುಖವನ್ನೇ ನೋಡುತ್ತಿದ್ದೆ. ಬೇಡಿಯಿಂದ ತಪ್ಪಿಸಿಕೊಂಡವನ ಮುಖದಲ್ಲಿ ಏನು ಬರಬೇಕೋ ಅದು ಬರಲಿಲ್ಲ. ಅವನು ಹೆದರಿದ್ದ.

ಫೋನನ್ನು ಮತ್ತೆ ಜೇಬಿಗಿಟ್ಟೆ. "ಮೇಷ್ಟ್ರೇ, ಅವಳನ್ನ ಎತ್ತಿಕೊಂಡು ಹೋಗೋವಾಗ ಸೊಂಟದಿಂದ ಹಗ್ಗದ ಕೊಂಡಿ ಬಿಚ್ಚಿದ್ದು ಯಾರು?"

"ಯಾರೋ ಬಿಚ್ಚಿರ್ತಾರೆ. ಗಾಬರೀಲಿ ಯಾರಿಗೆ ಗೊತ್ತು? ನಾನಂತೂ ಅಲ್ಲ."

"ಪ್ರತಿಯೊಬ್ಬರೂ ನಂಗೆ ಇದೇ ಮಾತು ಹೇಳಿದ್ದಾರೆ. ಯಾರೋ ಬಿಚ್ಚಿದ್ರು, ನಾನಲ್ಲ ಅಂತ. ಹಾಗಾದ್ರೆ ಅದು ಮೇಲೇ ಬಿಚ್ಚಿತ್ತು. ತಾನಾಗೇ ಬಿಚ್ಚುತ್ತಾ?"

"ಇಲ್ಲ. ತಿರುಗಿಸಿ, ಒತ್ತಿ, ಎಳೀಬೇಕು. ಹೊಟ್ಟೆ ಹತ್ರ ಇರುತ್ತೆ. ಮೇಲೆ ಇದ್ದಾಗ ಅದಕ್ಕೆ ಎಟುಕೋದು..." ಮೇಷ್ಟ್ರು ಮಾತು ನಿಲ್ಲಿಸಿದರು.

ಎಟುಕುವುದು ಒಂದೇ ಒಂದು ಕೈಗೆ, ಅವಳದೇ ಕೈಗೆ.

"ನಾನೇ ಬಿಟ್ಟೆ," ಎಂದ ತಮ್ಮ.

ಅವನ ದನಿ ನಾನು ಕೇಳಿದ್ದು ಅದೇ ಮೊದಲು. ಒಡೆದ, ಚಿಕ್ಕ ದನಿ.

"ಏನಪ್ಪಾ?" ಎಂದರು ಅತ್ತಿಗೆ.

"ಹಗ್ಗ ನಾನೇ ಬಿಟ್ಟೆ. ಬೇಕು ಅಂತಲೇ ಬಿಟ್ಟೆ. ಸಂಜೆ ಪೊಲೀಸರಿಗೆ ಹಾಗೇ ಹೇಳ್ತೀನಿ. ನೀವು ಇದನ್ನೆಲ್ಲ ಯಾರಿಗೂ ತೋರಿಸ್ಬೇಡಿ. ದಮ್ಮಯ್ಯ ಅಂತೀನಿ."

ನಾವು ಮೂವರೂ ಗರಬಡಿದವರಂತೆ ನಿಂತಿರುವಾಗಲೇ ಅವನು ಕಪಾಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೈ ಹಿಂದಕ್ಕೆ ತೂರಿಸಿ, ಎಳೆದ. ತಾಳದ ಪೆಟ್ಟಿಗೆಯ ದೀಪ ಆರಿತು.

"ಅಯ್ಯೋ ಮರಿ," ಎಂದರು ಅತ್ತಿಗೆ ಮೆತ್ತಗೆ. "ಪ್ಲಗ್ ಕಿತ್ರೆ ಹೋಗೋದು ಪೆಟ್ಟಿಗೆ ನೆನಪು ಮಾತ್ರ. ರೆಕಾರ್ಡಿಂಗ್ ಎಲ್ಲ ನನ್ನ ಹತ್ರ ಇದೆ."

ನಾನು ರೆಕಾರ್ಡಿಂಗಿನ ಬಗ್ಗೆ ಯೋಚಿಸುತ್ತಿರಲಿಲ್ಲ. ಫ್ಯಾನ್ ತಿರುಗುತ್ತಲೇ ಇತ್ತು. ನನ್ನ ಮೊಬೈಲ್ ಚಾರ್ಜರಿನ ದೀಪ ಉರಿಯುತ್ತಲೇ ಇತ್ತು. ಅತ್ತಿಗೆ ಟಾರ್ಚ್ ಹಿಡಿದು ಮಂಡಿಯೂರಿ ಹುಡುಕಿದ್ದ ಪ್ಲಗ್ಗನ್ನು, ಈ ಕೋಣೆಗೆ ಎಂದೂ ಕಾಲಿಡದ ಹಗ್ಗದವನು ಆ ಕಡೆ ತಿರುಗಿಯೂ ನೋಡದೆ ಒಂದೇ ಸಲಕ್ಕೆ ಎಳೆದಿದ್ದ.

ಅವನ ಎದುರಿಗೆ ಕೂತೆ. "ಅವತ್ತು ಊಟದ ಹೊತ್ತಲ್ಲಿ ಕಿತ್ತಿದ್ದೂ ನೀನೇ ಅಲ್ವಾ?"

ಅವನು ಕೈಯಲ್ಲಿದ್ದ ಪ್ಲಗ್ಗನ್ನೇ ನೋಡುತ್ತಿದ್ದ. ಅದರ ಮೇಲೆ ಅವನ ಬಿಳಿ ಬೆರಳಚ್ಚು ಮೂಡಿತ್ತು.

"ಅಕ್ಕ ಕೀಳು ಅಂದ್ಲು," ಎಂದ. "ಇವತ್ತು ಮಧ್ಯಾಹ್ನದ್ದು ಯಾವುದರಲ್ಲೂ ಬರಬಾರದು, ಏನೂ ಕೇಳ್ಬೇಡ ಅಂದ್ಲು. ಕಿತ್ತೆ. ಆಮೇಲೆ ಮೇಷ್ಟ್ರಿಗೆ ಹೆದರಿ, ಅವಳಿಗೆ ಹೇಳದೆ ವಾಪಸ್ ಹಾಕ್ಬಿಟ್ಟೆ."